ಬಾಡಿಗೆಗೆ ಬಂದ ಅಣ್ಣ

ಬೀದಿಯ ತಿರುವಿನ ಕಂಬಕ್ಕೆ ನಿಯಮಗಳ ಫಲಕ ಬಂದ ಮೇಲೆ ಪರದೆಯಕ್ಕನಿಗೆ ನೆಂಟರು ಹೆಚ್ಚಾದರು. ಅದಕ್ಕೆ ಮುಂಚೆ ಅವಳಿಗೆ ನೆಂಟರು ಅಂತ ಇದ್ದದ್ದು ಬೆರಳೆಣಿಕೆಯ ಮಂದಿ. ಅವರೂ ಕರೆದ ಕೂಡಲೇ ಬರುವವರಲ್ಲ. ಗಂಡನ ಕಡೆಯಂತೂ ಬಟಾಬಯಲು. ಅವನು ಒಬ್ಬನೇ ಮಗ, ಅಪ್ಪ ಅಮ್ಮ ಹೋಗಿ ವರ್ಷಗಳಾಗಿದ್ದವು. ಇವರಿಬ್ಬರಿಗೆ ಮಕ್ಕಳೂ ಆಗಿರಲಿಲ್ಲ. ಅಂಥ ಮನೆಗೆ ಚಿಕ್ಕಪ್ಪ, ಮೈದುನ, ಸೋದರತ್ತೆ, ಸೋದರತ್ತೆಯ ಬೀಗರು ಎಂದು ವಾರವಾರವೂ ಜನ ಸೂಟ್‌ಕೇಸು ಎಳೆದುಕೊಂಡು ಬರತೊಡಗಿದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ.

ವಿಷಯ ಇಷ್ಟೇ. ಮನೆಯ ಮುಂಗೋಣೆಯಲ್ಲಿ ಒಂದು ಪಕ್ಕ ಅವಳ ಹೊಲಿಗೆ ಯಂತ್ರ, ಇನ್ನೊಂದು ಪಕ್ಕ ಗಂಡನ ಬೀಗ ರಿಪೇರಿಯ ಮೇಜು. ಅವಳು ಕಿಟಕಿಗೆ ಬಾಗಿಲಿಗೆ ಪರದೆ ಹೊಲಿಯುವವಳು, ಅದಕ್ಕೇ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಪರದೆಯಕ್ಕ. ಅಂಗಡಿಗಳಲ್ಲಿ ಹೊಲಿದಿಟ್ಟ ಪರದೆಗಳೇ ರಾಶಿ ಬಿದ್ದ ಮೇಲೆ ಯಂತ್ರ ತುಳಿಯುವ ಕೆಲಸ ಅರ್ಧಕ್ಕೆ ಇಳಿಯಿತು. ಮಹಡಿಯ ಮೇಲೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಹೊರಗಿನಿಂದಲೇ ಮೆಟ್ಟಿಲು. ಊರಿನ ದೊಡ್ಡ ಆಸ್ಪತ್ರೆಗೆ ಬರುವವರು, ಕೆರೆ ನೋಡಲು ಬರುವವರು ನಾಲ್ಕು ದಿನ ತಲೆ ಊರಲು ಜಾಗ ಹುಡುಕುತ್ತಾರೆಂದು ಅವಳಿಗೆ ಗೊತ್ತಿತ್ತು. ತಾನೇ ಹೊಲಿದ ನೀಲಿ ಪರದೆ ಇಳಿಬಿಟ್ಟು, ಕೋಣೆಯ ಫೋಟೋ ತೆಗೆದು ಫೋನಿಗೆ ಏರಿಸಿದ್ದೇ ತಡ, ಜನ ಬಂದರು.

ಆಮೇಲೆ ಪುರಸಭೆಯವರು ಎಚ್ಚೆತ್ತರು. ದಿನದ ಲೆಕ್ಕದಲ್ಲಿ ಕೋಣೆ ಕೊಡುವ ಮನೆಗಳಿಗೆ ನಿಯಮ ಬಂತು. ಅತಿಥಿಗಳು ಬೀದಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು, ಕಸವನ್ನು ಪಕ್ಕದ ಮನೆಯ ಬುಟ್ಟಿಗೆ ಹಾಕಬಾರದು, ರಾತ್ರಿ ಮೆಟ್ಟಿಲ ಮೇಲೆ ಕೂತು ಹರಟಬಾರದು. ಇವೆಲ್ಲ ಯಾರು ಬೇಕಾದರೂ ಪಾಲಿಸಬಹುದಾದ ಮಾತು. ಕೊರಳಿಗೆ ಬಂದದ್ದು ಒಂದೇ: ಎದುರು ಮನೆ, ಅಕ್ಕಪಕ್ಕದ ಮನೆ, ಎಲ್ಲರ ಒಪ್ಪಿಗೆಯ ಸಹಿ ಇದ್ದರೆ ಮಾತ್ರ ಪರವಾನಗಿ. ಸಹಿ ಇಲ್ಲದೆ ಅತಿಥಿಯನ್ನು ಇಟ್ಟುಕೊಂಡು ಸಿಕ್ಕಿಬಿದ್ದರೆ ಆ ಮನೆಯಲ್ಲಿ ನಡೆಯುವ ಎಲ್ಲ ಕಸುಬಿನ ಪರವಾನಗಿಯೂ ರದ್ದು. ಅಂದರೆ ಪರದೆಯೂ ಹೋಯಿತು, ಬೀಗವೂ ಹೋಯಿತು.

ಅಕ್ಕಪಕ್ಕದವರು ನಗುನಗುತ್ತಲೇ ಸಹಿ ಹಾಕಿದರು. ಎದುರು ಮನೆಯ ಟಿಕೆಟಮ್ಮ ಹಾಕಲಿಲ್ಲ. ಆಕೆ ರೈಲಿನಲ್ಲಿ ಟಿಕೆಟು ತಪಾಸಣೆ ಮಾಡಿ ನಿವೃತ್ತಿಯಾದ ಹೆಂಗಸು. ಸೀಟಿನ ಕೆಳಗೆ, ಶೌಚಾಲಯದ ಬಾಗಿಲ ಹಿಂದೆ ಅವಿತವರನ್ನು ಎಳೆದು ಎಳೆದು ಆಕೆಯ ಕಣ್ಣೇ ಹಾಗಾಗಿತ್ತು. ಹಾಲು ಹಾಕುವವನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿಯೇ ಪಾತ್ರೆ ಚಾಚುತ್ತಿದ್ದಳು. ಗೊತ್ತುಗುರಿ ಇಲ್ಲದವರು ಬೀದಿಗೆ ಬರುವುದು ತನಗೆ ಸರಿಬರುವುದಿಲ್ಲ ಎಂದು ಕಾಗದ ವಾಪಸು ಕೊಟ್ಟಳು.

ಫಲಕದ ಕಟ್ಟಕಡೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಮನೆಯವರ ಸಂಬಂಧಿಕರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಪರದೆಯಕ್ಕ ಆ ಸಾಲನ್ನು ಓದಿ, ಚೀಲ ಕೆಳಗಿಟ್ಟು, ಇನ್ನೊಮ್ಮೆ ಓದಿ ಮನೆಗೆ ಬಂದಳು.

ಅಂದಿನಿಂದ ಬಂದವರಿಗೆಲ್ಲ ಬೀಗದ ಕೈ ಕೊಡುವ ಮೊದಲು ಒಂದು ಸಂಬಂಧ ಕೊಡುವುದು ರೂಢಿಯಾಯಿತು. ನೀವು ನಮ್ಮ ಯಜಮಾನರ ಚಿಕ್ಕಪ್ಪನ ಮಗ, ನೀವು ನನ್ನ ತಾಯಿಯ ಕಡೆಯವರು, ಯಾರಾದರೂ ಕೇಳಿದರೆ ಅಷ್ಟು ಹೇಳಿ, ಮುಂದಕ್ಕೆ ಹೇಳಬೇಡಿ. ಬಂದವರಿಗೂ ಇದೊಂದು ಮೋಜು. ಒಬ್ಬ ಗಡ್ಡದ ಹುಡುಗ ಮಾತ್ರ ಟಿಕೆಟಮ್ಮನ ನೋಟಕ್ಕೆ ಕಂಗಾಲಾಗಿ ತಾನು ಈ ಮನೆಯ ಅಳಿಯ ಅಂದುಬಿಟ್ಟ. ಮಕ್ಕಳೇ ಇಲ್ಲದ ಮನೆಗೆ ಅಳಿಯ! ಅಕ್ಕನ ಮಗಳ ಗಂಡ ಅಂದರೆ ನನಗೂ ಅಳಿಯನೇ ತಾನೇ ಎಂದು ಪರದೆಯಕ್ಕ ಹೇಗೋ ತೇಪೆ ಹಾಕಿದಳು. ತೇಪೆ ಹಾಕುವುದು ಅವಳಿಗೆ ಹೊಸ ಕೆಲಸವೇನಲ್ಲ. ಆದರೆ ಟಿಕೆಟಮ್ಮ ಆ ಹೊತ್ತಿನಿಂದ ಗೇಟು ಬಿಟ್ಟು ಕದಲಲಿಲ್ಲ.

ಹೋದ ವರ್ಷ ಒಬ್ಬ ಮನುಷ್ಯ ಬಂದದ್ದು ಅಂಥ ಬಿಗುವಿನಲ್ಲೇ. ಅರವತ್ತರ ಆಸುಪಾಸು, ತೆಳ್ಳಗಿನ ಮೈ, ಇಸ್ತ್ರಿಯ ಅಂಗಿ, ಕೈಯಲ್ಲೊಂದು ಕಂದು ಚೀಲ. ಕಣ್ಣು ತೋರಿಸಲು ಆಸ್ಪತ್ರೆಗೆ ಬಂದಿದ್ದ. ಅವನಿಗೆ ಅವಳು ದೂರದ ದೊಡ್ಡಪ್ಪನ ಮಗನ ಪಾತ್ರ ತೆಗೆದಿಟ್ಟಿದ್ದಳು. ಹೇಳಿಕೊಡುವಷ್ಟರಲ್ಲಿ ಟಿಕೆಟಮ್ಮ ಬೀದಿ ದಾಟಿ ಗೇಟಿಗೆ ಬಂದಾಗಿತ್ತು. ಇವರು ಯಾರಾಗಬೇಕು ಎಂದಳು. ಆ ವಾರವೆಲ್ಲ "ದೂರದ" ಎಂಬ ಮಾತಿಗೇ ಆಕೆ ಮೂಗು ಮುರಿಯುತ್ತಿದ್ದದ್ದು ಪರದೆಯಕ್ಕನಿಗೆ ನೆನಪಾಯಿತು. ದೂರ ಬೇಡ, ಹತ್ತಿರದ್ದೇ ಇರಲಿ ಎಂದು ನಾಲಿಗೆ ತಾನಾಗಿ ಹೊರಳಿತು.

"ನಮ್ಮ ಯಜಮಾನರ ಅಣ್ಣ."

"ಸ್ವಂತ ಅಣ್ಣನಾ?"

"ಸ್ವಂತ."

ಮೇಜಿನ ಹಿಂದೆ ಗಂಡ ಕೀಲಿ ಉಜ್ಜುವ ಅರ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನೋಡುತ್ತಿದ್ದ. ಇಷ್ಟು ವರ್ಷ ಈ ಅಣ್ಣ ಎಲ್ಲಿದ್ದರು, ನಾನು ಒಂದು ದಿನವೂ ನೋಡಿಲ್ಲವಲ್ಲ ಎಂದು ಟಿಕೆಟಮ್ಮ ಕೇಳುವುದು ಸಹಜವೇ. ಆ ಮನುಷ್ಯ ರೆಪ್ಪೆ ಕೂಡ ಅಲುಗಿಸಲಿಲ್ಲ. ಅಪ್ಪನ ಹತ್ತಿರ ಜಗಳ ಆಡಿಕೊಂಡು ಸಣ್ಣ ವಯಸ್ಸಿಗೇ ಮನೆ ಬಿಟ್ಟೆ, ಇವನಿಗೆ ಸೈಕಲ್ ಕಲಿಸಿದ್ದೇ ನಾನು, ಅಪ್ಪ ಹೋದಾಗ ಮುಖ ನೋಡಲೂ ಆಗಲಿಲ್ಲ ಎಂದು ಹೇಳುತ್ತ ಹೇಳುತ್ತ ಕರವಸ್ತ್ರ ತೆಗೆದ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬಂದಿದ್ದನೋ ಏನೋ, ನೀರು ಧಾರಾಳವಾಗಿ ಬಂತು. ಟಿಕೆಟಮ್ಮನ ಕಣ್ಣೂ ಒದ್ದೆಯಾಯಿತು. ಆಕೆಯ ಕಣ್ಣು ಒದ್ದೆಯಾದದ್ದನ್ನು ಆ ಬೀದಿ ಅಂದೇ ಮೊದಲು ಕಂಡಿದ್ದು. ಅವನು ನಾಲ್ಕು ದಿನ ಇದ್ದ, ಬಾಡಿಗೆ ಕೊಟ್ಟ, ಹೋದ. ಎಷ್ಟು ಚೆನ್ನಾಗಿ ಆಡಿದ ಎಂದು ಪರದೆಯಕ್ಕ ಆ ದಿನ ನಕ್ಕಿದ್ದೂ ನಿಜ.

ಈ ವರ್ಷ ಅವನು ಹೇಳದೆ ಕೇಳದೆ ಬಂದ. ಕಂದು ಚೀಲದ ಜೊತೆ ಇನ್ನೊಂದು ದೊಡ್ಡ ಚೀಲ. ಬೀದಿಯ ತುದಿಯಿಂದಲೇ ಒಬ್ಬೊಬ್ಬರನ್ನೂ ಮಾತಾಡಿಸಿಕೊಂಡು ಬಂದು, ಟಿಕೆಟಮ್ಮನ ಗೇಟಿನಲ್ಲಿ ನಿಂತು ಮಂಡಿನೋವು ವಿಚಾರಿಸಿ, ನೇರವಾಗಿ ಹೊರಮೆಟ್ಟಿಲು ಹತ್ತಿದ. ಪರದೆಯಕ್ಕ ಹಾಸಿಗೆ ಹೊದಿಕೆ ಹಿಡಿದು ಹಿಂದೆಯೇ ಹೋಗಿ, ಎಷ್ಟು ದಿನ, ಬಾಡಿಗೆ ಈಗ ಸ್ವಲ್ಪ ಹೆಚ್ಚು ಎಂದು ಮೆಲ್ಲಗೆ ಮಾತು ತೆಗೆದಳು. ಅವನು ಕಿಟಕಿ ತೆರೆಯುತ್ತಿದ್ದವನು ತಿರುಗಿದ.

"ತಮ್ಮನ ಮನೇಲಿ ಅಣ್ಣ ಬಾಡಿಗೆ ಕೊಟ್ಟರೆ ಬೀದಿಯವರು ಏನಂದ್ಕೋತಾರಮ್ಮ? ನಿಯಮ ಬೇರೆ ಇದೆ."

ಅವನು ನಗುತ್ತಿದ್ದ. ಅದು ತಮಾಷೆಯೋ, ಬೆದರಿಕೆಯೋ ಎಂದು ಅವಳು ಆ ಮುಖದಲ್ಲಿ ಎಷ್ಟು ಹುಡುಕಿದರೂ ತಿಳಿಯಲಿಲ್ಲ. ಹೊದಿಕೆಯನ್ನು ಮಂಚದ ಮೇಲೆ ಹಾಕಿ ಕೆಳಗಿಳಿದು ಬಂದಳು. ಮೆಟ್ಟಿಲು ಇಳಿಯುವಾಗಲೇ ಪೂರಾ ಅರ್ಥವಾಯಿತು, ತಾನು ಎಂಥ ಬೋನಿಗೆ ಬಿದ್ದೆ ಅಂತ. ಇವನು ಯಾರೋ ಬಾಡಿಗೆಯವನು ಎಂದರೆ ನಿಯಮ ಮುರಿದ ಹಾಗೆ. ಅಣ್ಣ ಎಂದರೆ ಎಬ್ಬಿಸುವ ಹಾಗಿಲ್ಲ.

ಗಂಡನಿಗೆ ಹೇಳಿದಳು. ಅವನು ಮಾತು ಕಡಿಮೆಯ ಮನುಷ್ಯ. ಬೀಗದ ಒಳಗಿನ ಸ್ಪ್ರಿಂಗಿನ ಜೊತೆ ಆಡುವಷ್ಟು ಮಾತನ್ನೂ ಮನುಷ್ಯರ ಜೊತೆ ಆಡುವವನಲ್ಲ. ಊರಿನ ಬಾಗಿಲಿಗೆಲ್ಲ ಬೀಗ ಹಾಕಿಕೊಡುವವನಿಗೆ ತನ್ನ ಮನೆಯ ಮಹಡಿಗೆ ಹತ್ತಿದವನನ್ನು ಇಳಿಸಲು ಬರಲಿಲ್ಲ. ಇರಲಿ ಬಿಡು, ನಾಲ್ಕು ದಿನ ಇದ್ದು ಹೋಗ್ತಾರೆ ಎಂದ.

ನಾಲ್ಕು ದಿನ ನಾಲ್ಕು ವಾರವಾಯಿತು. ಅವನು ಕೆಳಗೇ ಊಟಕ್ಕೆ ಬರುತ್ತಿದ್ದ, ತಟ್ಟೆ ತಾನೇ ತೊಳೆದಿಡುತ್ತಿದ್ದ. ಒಂದು ದಿನ ಗೇಟಿಗೆ ಹಸಿರು ಬಣ್ಣ ಹೊಡೆದ. ಇನ್ನೊಂದು ದಿನ ಸೂರಿನ ಮಳೆನೀರು ಹರಿಯುವ, ಸೋರುತ್ತಿದ್ದ ತಗಡಿನ ದೋಣಿಗೆ ಡಾಂಬರು ಮೆತ್ತಿದ. ಬೇರೆಯವರಾಗಿದ್ದರೆ ಎಷ್ಟು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಪರದೆಯಕ್ಕ ಯಂತ್ರದ ಹಿಂದೆ ಕೂತು ಲೆಕ್ಕ ಹಾಕಿದ್ದೇ ಬೇರೆ: ತನ್ನದಲ್ಲದ ಗೇಟಿಗೆ ಯಾರು ಬಣ್ಣ ಹೊಡೆಯುತ್ತಾರೆ? ಅವನು ಮಾವನ ಫೋಟೋದ ಮುಂದೆ ನಿಂತು ತುಂಬಾ ಹೊತ್ತು ನೋಡಿದ. ಅಪ್ಪ ಈ ಮನೆ ಕಟ್ಟಿಸಿದ್ದು ಯಾವಾಗ, ಜಾಗ ಯಾರಿಂದ ಕೊಂಡದ್ದು, ಬಾವಿ ಮುಚ್ಚಿಸಿದ್ದು ಯಾಕೆ ಎಂದು ಗಂಡನನ್ನು ಕೇಳಿದ. ಮಾರನೆಯ ದಿನ ಅಂಗಡಿಗೆ ಬಂದ ಗಿರಾಕಿಯ ಮುಂದೆ "ನಮ್ಮಪ್ಪ ಈ ಮನೆ ಕಟ್ಟಿಸೋವಾಗ ಇಲ್ಲೊಂದು ಬಾವಿ ಇತ್ತು ನೋಡಿ" ಎಂದು ಹೇಳುವುದು ಅವಳ ಕಿವಿಗೆ ಬಿತ್ತು. ಸೂಜಿ ಬೆರಳಿಗೆ ಚುಚ್ಚಿತು. ಅಪ್ಪನದಾದ ಮನೆಯಲ್ಲಿ ಅಣ್ಣನಿಗೆ ಪಾಲಿರುತ್ತದೆ. ಸಾಕ್ಷಿ ಹೇಳಲು ಇಡೀ ಬೀದಿಯಿದೆ. ಆ ಸಾಕ್ಷಿಯನ್ನು ಒಬ್ಬೊಬ್ಬರಾಗಿ ತಯಾರು ಮಾಡಿಕೊಟ್ಟವಳು ತಾನೇ.

ಅವಳಿಗೆ ನಿದ್ದೆ ಕೆಟ್ಟಿತು. ಈ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆ ಇರಲಿಲ್ಲ; ಮುದಿತನಕ್ಕೆ ಆಗುವ ಮಕ್ಕಳಿಲ್ಲ, ನಾಲ್ಕು ಗೋಡೆಗಳೇ ಆಗಬೇಕು. ಅವುಗಳಲ್ಲಿ ಎರಡನ್ನು ಯಾರೋ ನಗುನಗುತ್ತ ಅಳೆಯುತ್ತಿದ್ದಾನೆ ಅನ್ನಿಸಿದರೆ ಯಾವ ಹೆಂಗಸಿಗೆ ನಿದ್ದೆ ಬರುತ್ತದೆ?

ಒಂದು ಬೆಳಿಗ್ಗೆ ಕೋಣೆ ಗುಡಿಸಲು ಮೇಲೆ ಹೋದರೆ ಬಾಗಿಲಿಗೆ ಹೊಸ ಬೀಗ. ಅದೂ ಅವರ ಅಂಗಡಿಯದೇ, ಗಂಡನ ಕೈಯಿಂದಲೇ ಇಸಿದುಕೊಂಡದ್ದು. ಅವನು ಹೊರಗೆ ಹೋಗಿದ್ದ. ಪರದೆಯಕ್ಕ ದಡದಡ ಕೆಳಗೆ ಬಂದು, ಅದಕ್ಕೆ ಇನ್ನೊಂದು ಕೈ ಇರಬೇಕಲ್ಲ, ಇಲ್ಲದಿದ್ದರೆ ತಂತಿ ಹಾಕಿ ತೆಗೆಯಿರಿ, ಒಳಗೆ ಏನಿಟ್ಟಿದ್ದಾನೆ ನೋಡಿಯೇ ಬಿಡೋಣ ಎಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ, ಅಂಗಡಿಯಲ್ಲೂ ಅವರಿಬ್ಬರೇ. ಗಂಡ ತಲೆಯೆತ್ತದೆ ಹೇಳಿದ.

"ಅಣ್ಣ ಇಲ್ಲದಾಗ ಅವರ ಬೀಗ ನಾನು ಮುಟ್ಟಲ್ಲ."

ಅವಳು ಅವನನ್ನೇ ನೋಡಿದಳು. ಕೇಳುವವರಿಲ್ಲದ ಕಡೆ, ಅಭಿನಯಕ್ಕೆ ಕಾರಣವೇ ಇಲ್ಲದ ಕಡೆ, ಅವನ ಬಾಯಿಂದ ಆ ಮಾತು ಬಂದಿತ್ತು. ಅವನಿಗೆ ತಾನು ಏನೆಂದೆ ಎನ್ನುವುದೂ ಗೊತ್ತಾಗಲಿಲ್ಲ, ಕೀಲಿಯ ಹಲ್ಲು ಉಜ್ಜುತ್ತಲೇ ಇದ್ದ. ಆಮೇಲೆ ಅವಳು ಗಮನಿಸಿದಳು: ಸಂಜೆ ಅವನು ಅಂಗಡಿ ಬೇಗ ಮುಚ್ಚುತ್ತಾನೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾರೆ. ಆ ಮನುಷ್ಯ ಏನೋ ಹೇಳುತ್ತಾನೆ, ಇವನು ನಗುತ್ತಾನೆ. ಮದುವೆಯಾಗಿ ಇಷ್ಟು ಕಾಲದಲ್ಲಿ ಅವಳು ಕೇಳದ ನಗು ಅದು. ಮನೆಯ ಗೋಡೆಯಷ್ಟೇ ಅಲ್ಲ, ಮನುಷ್ಯನನ್ನೂ ಪಾಲು ಕೇಳುತ್ತಿದ್ದಾನೆ ಇವನು.

ಬೆಳಗಿನ ಹೊತ್ತು ಅವನು ಎಲ್ಲಿಗೆ ಹೋಗುತ್ತಾನೆಂದು ತಿಳಿಯಬೇಕಾಗಿತ್ತು. ಒಂದು ದಿನ ಪರದೆ ತಲುಪಿಸುವ ನೆಪ ಮಾಡಿ ಅವಳು ಅವನ ಹಿಂದೆಯೇ ಹೊರಟಳು. ಅವನು ಮಾರುಕಟ್ಟೆ ದಾಟಿದ, ಆಸ್ಪತ್ರೆಯನ್ನೂ ದಾಟಿದ, ನೋಂದಣಿ ಕಚೇರಿಯ ಗೇಟಿನೊಳಗೆ ಹೊಕ್ಕ. ಜಾಗ ಮನೆಗಳ ಕಾಗದಪತ್ರ ಆಗುವ ಕಚೇರಿ ಅದು. ಜಗಲಿಯಲ್ಲಿ ಪತ್ರ ಬರೆಯುವವರು ಸಾಲಾಗಿ ಕೂತಿದ್ದರು. ಅವರಲ್ಲೊಬ್ಬ ಇವನನ್ನು ಕಂಡು ಕೈಬೀಸಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಒಳಗಿನ ಗುಮಾಸ್ತನೂ ಬಂದು ಇವನ ಹೆಗಲು ತಟ್ಟಿ ಹೋದ. ಇಷ್ಟು ಸಲುಗೆ ಒಂದೆರಡು ಸಲ ಬಂದವನಿಗೆ ಸಿಗುವುದಲ್ಲ. ಪರದೆಯಕ್ಕ ಗೋಡೆ ಮರೆಯಲ್ಲಿ ಬಟ್ಟೆಯ ಗಂಟು ಅವುಚಿಕೊಂಡು ನಿಂತೇ ಇದ್ದಳು.

ಮನೆಗೆ ಬರುವ ದಾರಿಯಲ್ಲೇ ನಿರ್ಧಾರ ಮಾಡಿದಳು. ಪರವಾನಗಿ ಹೋದರೆ ಹೋಗಲಿ, ಇನ್ನೊಬ್ಬರ ಮನೆಯ ಪಾತ್ರೆ ತೊಳೆದಾದರೂ ಬದುಕಬಹುದು. ಮನೆಯೇ ಹೋದರೆ ಏನುಳಿಯುತ್ತದೆ? ನಿಯಮ ನೋಡಿಕೊಳ್ಳಲು ಪುರಸಭೆ ನೇಮಿಸಿದ್ದ ಬೀದಿಯ ಸಮಿತಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಗಂಡನಿಗೆ ಒಂದು ಮಾತೂ ಹೇಳಲಿಲ್ಲ.

ಸಮಿತಿ ಸೇರುತ್ತಿದ್ದದ್ದು ಭಾನುವಾರ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ. ಡಾಕ್ಟರೇ ಅಧ್ಯಕ್ಷರು. ಗೋಡೆಯಲ್ಲಿ ಆಳೆತ್ತರದ ಹಲ್ಲಿನ ಚಿತ್ರ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಮನೆಮನೆಯಿಂದಲೂ ಬಂದಿದ್ದರು. ಆ ಮನುಷ್ಯನೂ ಬಂದು, ಹಿಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತು, ಯಾರೋ ಕೊಟ್ಟ ಚಹಾ ಕುಡಿಯುತ್ತಿದ್ದ. ಕಸದ ಗಾಡಿಯ ವಿಷಯ, ನಾಯಿಯ ವಿಷಯ ಮುಗಿದ ಮೇಲೆ ಪರದೆಯಕ್ಕ ಎದ್ದು ನಿಂತಳು.

ಅವಳು ಏನನ್ನೂ ಮುಚ್ಚಿಡಲಿಲ್ಲ. ನಮ್ಮ ಮನೆಗೆ ಬಂದ ಚಿಕ್ಕಪ್ಪ, ಮೈದುನ, ಅಳಿಯ ಎಲ್ಲರೂ ಬಾಡಿಗೆಗೆ ಬಂದವರು. ಸಂಬಂಧ ಹೇಳಿಕೊಟ್ಟವಳು ನಾನು. ಹಿಂದೆ ಕೂತಿರುವವರೂ ಹಾಗೇ ಬಂದವರು, ನಮಗೆ ಏನೂ ಆಗಬೇಕಾದವರಲ್ಲ, ಅವರ ಹೆಸರೂ ನಮಗೆ ಸರಿಯಾಗಿ ಗೊತ್ತಿಲ್ಲ. ಈಗ ಮಹಡಿಯಿಂದ ಏಳುತ್ತಿಲ್ಲ. ನನ್ನ ಗಂಡನಿಗೆ ಅಣ್ಣನೇ ಇಲ್ಲ. ಹೇಳಿ ಮುಗಿಸುವಾಗ ಅವಳ ಎದೆ ಹಗುರವಾಗಿತ್ತು. ನಿಜ ಹೇಳಿದವರಿಗೆ ಆಗುವ ಹಗುರ ಅದು. ಎಷ್ಟು ಹೊತ್ತು ಇರುತ್ತದೆ ಎನ್ನುವುದು ಬೇರೆ ಮಾತು.

ಒಂದು ಕುರ್ಚಿ ಕಿರ್ರೆಂದಿತು, ಟಿಕೆಟಮ್ಮ ಎದ್ದಿದ್ದಳು. ಇಷ್ಟು ದಿನ ತಾನು ಹಿಡಿಯಲು ಕಾದಿದ್ದ ಕಳ್ಳಿ ತಾನಾಗಿ ಕೈಗೆ ಸಿಕ್ಕಿದ್ದಾಳೆ, ಆಕೆ ಕುಣಿಯಬೇಕಿತ್ತು. ಆಕೆಯ ಮುಖದಲ್ಲಿದ್ದದ್ದು ಅಸಹ್ಯ.

"ಒಂದು ತುತ್ತು ಅನ್ನ ಹಾಕೋದು ತಪ್ಪಲಿ ಅಂತ ಗಂಡನ ಒಡಹುಟ್ಟಿದವರನ್ನೇ ಇಲ್ಲ ಅಂತೀಯಲ್ಲಮ್ಮ. ನನ್ನ ಸರ್ವಿಸ್‌ನಲ್ಲಿ ಎಷ್ಟೋ ಸುಳ್ಳು ಕೇಳಿದ್ದೀನಿ. ಇಂಥದ್ದು ಕೇಳಿಲ್ಲ."

ಪರದೆಯಕ್ಕ ಕಕ್ಕಾಬಿಕ್ಕಿಯಾದಳು. ಹೌದು ಹೌದು ಎಂದು ಸುತ್ತಲಿಂದ ದನಿಗಳು ಎದ್ದವು. ಪಾಪ, ಅಪ್ಪನ ಮುಖ ನೋಡಲೂ ಆಗದವರು. ನಮ್ಮ ನಲ್ಲಿ ಸರಿಮಾಡಿ ಕೊಟ್ಟರು. ಇಬ್ಬರ ಮೂಗೂ ಒಂದೇ ಥರ ಇಲ್ಲವಾ, ನೋಡಿದರೇ ಗೊತ್ತಾಗಲ್ಲವಾ. ಅವಳು ಇಷ್ಟು ಕಾಲ ಹೇಳಿದ ಸುಳ್ಳನ್ನೆಲ್ಲ ಅನುಮಾನದಿಂದ ಮೂಸಿ ನೋಡಿದ್ದ ಜನ, ಅವಳು ಹೇಳಿದ ಒಂದೇ ಒಂದು ನಿಜವನ್ನು ಮೂಸಿಯೂ ನೋಡದೆ ಆಚೆ ಎಸೆದರು. ಬಿಡಿ, ಜನ ಇರುವುದೇ ಹಾಗೆ.

ಡಾಕ್ಟರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಇದಕ್ಕೆ ಉತ್ತರ ಹೇಳಬೇಕಾದವನು ಒಬ್ಬನೇ ಎಂದು ಗಂಡನ ಕಡೆ ತಿರುಗಿದರು. ಟಿಕೆಟಮ್ಮನೇ ಕೇಳಿದಳು.

"ನೀನು ಹೇಳಪ್ಪ. ಇವರು ನಿನ್ನ ಅಣ್ಣನೋ, ಅಲ್ಲವೋ?"

ಅವನು ಎದ್ದು ನಿಂತ. ಎಣ್ಣೆ ಹಿಡಿದು ಕಪ್ಪಾದ ಬೆರಳುಗಳನ್ನು ನೋಡಿಕೊಂಡ. ಪರದೆಯಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಒಂದು "ಅಲ್ಲ" ಅನ್ನು, ಮನೆ ಉಳಿಯುತ್ತದೆ. ಪಕ್ಕದಲ್ಲಿ ಆ ಮನುಷ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

"ಹೌದು. ನಮ್ಮಣ್ಣ," ಎಂದ ಗಂಡ.

ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರು ಕನ್ನಡಕ ತೆಗೆದು, ಹಲ್ಲು ಕೀಳಲೇಬೇಕು ಎಂದು ಹೇಳುವಾಗಿನ ಮೆತ್ತನೆಯ ದನಿಯಲ್ಲಿ ಮಾತಾಡಿದರು. ಹೆಂಡತಿ ಒಂದು ಹೇಳುತ್ತಾಳೆ, ಗಂಡ ಇನ್ನೊಂದು ಹೇಳುತ್ತಾನೆ. ಎಲ್ಲರ ಎದುರು ಬಾಯಿಬಿಟ್ಟು ಹೇಳಿದ್ದನ್ನು ತಾನು ಕೇಳಿಲ್ಲ ಅನ್ನುವ ಹಾಗಿಲ್ಲ. ತಿಂಗಳ ಕೊನೆಗೆ ಪುರಸಭೆಯವರು ತಪಾಸಣೆಗೆ ಬರುತ್ತಾರೆ. ಆಗ ಅಣ್ಣ ಮನೆಯಲ್ಲಿದ್ದರೆ, ಇದು ಅತ್ತಿಗೆ-ನಾದಿನಿ ಜಗಳದಂಥ ಮನೆಜಗಳ ಎಂದು ಹೇಳಿ ಕಳಿಸುತ್ತೇನೆ. ಅಣ್ಣ ಅಲ್ಲಿಲ್ಲದಿದ್ದರೆ ಬಾಡಿಗೆಯವನೇ ಇರಬೇಕು, ಆಗ ಹೆಂಡತಿ ಹೇಳಿದ್ದೇ ನಿಜ ಎಂದಾಗುತ್ತದೆ. ಪರದೆ, ಬೀಗ ಎರಡರ ಪರವಾನಗಿಯೂ ಉಳಿಯುವುದಿಲ್ಲ. ಟಿಕೆಟಮ್ಮ ತಲೆದೂಗಿದಳು. ನ್ಯಾಯ ಸರಿಯಾಗಿಯೇ ಇದೆ ಎಂದು ಪರದೆಯಕ್ಕನಿಗೂ ಅನ್ನಿಸಿತು, ಅದೇ ಅವಳ ಸಂಕಟ.

ಮೂವರೂ ಒಟ್ಟಿಗೇ ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಆ ಮನುಷ್ಯ ಎರಡೂ ಚೀಲ ಹಿಡಿದು ಮೆಟ್ಟಿಲಿಳಿದು ಬಂದ. ಬೀಗದ ಕೈಯನ್ನು ಅವಳ ಮುಂದಿಟ್ಟು, ಕೋಣೆ ಗುಡಿಸಿದ್ದೇನೆ, ಬೀಗ ಹಾಕಿದ್ದು ಬೆಕ್ಕು ಬಾಗಿಲು ತಳ್ಳಿಕೊಂಡು ಬರುತ್ತೆ ಅಂತ, ಬೇರೆ ಏನೂ ಇಲ್ಲ ಎಂದ. ಗಂಡ ಮೇಜಿನ ಹಿಂದೆ ಕೂತು ಅರ ಎಳೆಯುತ್ತಿದ್ದ, ಈ ಕಡೆ ತಿರುಗಲಿಲ್ಲ.

ಪರದೆಯಕ್ಕನಿಗೆ ಕೇಳದೆ ಇರಲಾಗಲಿಲ್ಲ. ನೋಂದಣಿ ಕಚೇರಿಯಲ್ಲಿ ನಿಮಗೇನು ಕೆಲಸವಿತ್ತು ಅಂದಳು. ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಅಲ್ಲಿ ಸಾಕ್ಷಿಗೆ ಜನ ಬೇಕಾಗ್ತಾರಮ್ಮ. ಯಾರೋ ಬರ್ತಾರೆ, ಅವರ ಪರಿಚಯ ನನಗಿದೆ ಅಂತ ಸಹಿ ಹಾಕ್ತೀನಿ. ಚಿಲ್ಲರೆ ಕಾಸು ಸಿಗುತ್ತೆ. ಗೇಟಿನ ಬಣ್ಣ ಅದರದ್ದೇ."

ಗೊತ್ತಿಲ್ಲದವರನ್ನು ಗೊತ್ತು ಎಂದು ಹೇಳುವುದೇ ಕಸುಬು! ಅವಳಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಈಗ ಎಲ್ಲಿಗೆ ಎಂದು ಕೇಳಿದಳು. ನಿಮ್ಮ ಊರಿನ ಥರ ನಿಯಮ ಇರುವ ಊರು ಇನ್ನೂ ಇವೆ ಎಂದ ಅವನು. ಕೆರೆಯ ಆಚೆಯ ಊರಿನಲ್ಲಿ ಒಂದು ಮನೆಯವರು ಹಿಂದೆ ತನಗೆ ಸೋದರಮಾವನ ಸಂಬಂಧ ಹೇಳಿಕೊಟ್ಟಿದ್ದರು. ಅಲ್ಲಿ ಮಕ್ಕಳೂ ಇದ್ದಾರೆ, ಮಾಮ ಮಾಮ ಅಂತಾರೆ. ಸ್ವಲ್ಪ ದಿನ ಅಲ್ಲಿರಬಹುದು. ಹೇಳುವಾಗ ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ನೆಂಟರ ಮನೆಗೆ ಹೊರಟವರ ಮುಖ ಹೇಗಿರುತ್ತದೋ ಹಾಗಿತ್ತು.

ಅರದ ಸದ್ದು ನಿಂತಿತ್ತು. ಇವನು ಬೇರೆ ಊರಿನಲ್ಲಿ ಮಾಮ ಎನ್ನುವುದು ಗಂಡನ ಕಿವಿಗೆ ಬಿದ್ದಿತ್ತು. ಅವನು ಮೇಜಿನ ಮೇಲಿದ್ದ ಅರೆಬರೆ ಕೀಲಿಯನ್ನು ತಿರುವಿ ತಿರುವಿ ನೋಡಿದ, ಮತ್ತೆ ಅರ ಎತ್ತಿಕೊಂಡ. ಆ ಮನುಷ್ಯ ಅವನ ಕಡೆ ಒಂದು ಗಳಿಗೆ ನೋಡಿ, ಬರ್ತೀನಪ್ಪ ಎಂದು ಗೇಟು ದಾಟಿದ.

ಪರದೆಯಕ್ಕ ಗಂಡನ ಮುಂದೆ ಹೋಗಿ ನಿಂತಳು. ನಿಲ್ಲಿಸಿ, ತಿಂಗಳ ಕೊನೆಗೆ ತಪಾಸಣೆ ಇದೆ, ಅವರು ಹೋದರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತೆ ಎಂದಳು. ಅವನು ತಲೆಯೆತ್ತಿದ. ಅವನ ಕಣ್ಣು ಕೆಂಪಾಗಿತ್ತು.

"ಅಣ್ಣ ಅಂತ ನನಗೆ ತಂದುಕೊಟ್ಟವಳು ನೀನು. ಎಲ್ಲರ ಎದುರಿಗೆ ಕಿತ್ತುಕೊಂಡವಳೂ ನೀನೇ. ಈಗ ತಪಾಸಣೆಗೋಸ್ಕರ ಇರಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

ಇಷ್ಟು ಉದ್ದದ ಮಾತನ್ನು ಅವನು ಅವಳ ಜೊತೆ ಆಡಿ ಎಷ್ಟು ಕಾಲವಾಗಿತ್ತೋ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಬೆರಳಿಗೆ ಅಂಟಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬರಿಗಾಲಲ್ಲೇ ಬೀದಿಗೆ ಬಂದಳು.

ಅವನು ಆಗಲೇ ತಿರುವಿನ ಹತ್ತಿರ ಇದ್ದ. ಬಸ್ಸು ನಿಲ್ಲುವುದು ಅಲ್ಲೇ ಆಚೆಗೆ. ಟಿಕೆಟಮ್ಮ ಗೇಟಿನ ಮೇಲೆ ಮೊಣಕೈ ಊರಿ, ಅವನ ಕೈಯ ಚೀಲಗಳನ್ನೂ ಇವಳ ಬರಿಗಾಲನ್ನೂ ನೋಡುತ್ತಿದ್ದಳು. ಪರದೆಯಕ್ಕ ನಡೆದಳು, ಓಡಿದಳು, ಉಸಿರು ಸಾಲದೆ ನಿಂತಳು. ಕೂಗಬೇಕು. ಏನೆಂದು ಕೂಗುವುದು? ಹೆಸರಿಲ್ಲ. ಸಾರ್ ಎಂದರೆ ಟಿಕೆಟಮ್ಮನಿಗೆ ಕೇಳುತ್ತದೆ. ಯಾರಿಗೋಸ್ಕರ ಕೂಗುತ್ತಿದ್ದೇನೆ, ಪರವಾನಗಿಗೋ, ಒಳಗೆ ಕಣ್ಣು ಕೆಂಪು ಮಾಡಿಕೊಂಡು ಕೂತಿರುವವನಿಗೋ, ಅದೂ ಆ ಹೊತ್ತಿಗೆ ಅವಳಿಗೆ ಸ್ಪಷ್ಟವಿರಲಿಲ್ಲ.

"ಭಾವಾ," ಎಂದಳು.

ಜೋರಾಗಿಯೂ ಅಂದಿರಲಿಲ್ಲ. ಮಾತು ಪೂರ್ತಿ ಬಾಯಿಂದ ಹೊರಡುವ ಮೊದಲೇ ಅವನು ತಿರುಗಿದ. ಅಷ್ಟು ಬೇಗ ಯಾರೂ ತಿರುಗುವುದಿಲ್ಲ. ಕರೆಯುತ್ತಾರೆಂದು ಗೊತ್ತಿದ್ದವರು, ಅದಕ್ಕೆಂದೇ ಹೆಜ್ಜೆ ಸಣ್ಣದು ಮಾಡಿ ನಡೆದವರು ಮಾತ್ರ ಹಾಗೆ ತಿರುಗುತ್ತಾರೆ. ನಿನ್ನೆ ಸಮಿತಿಯಲ್ಲಿ ಡಾಕ್ಟರು ಆಡಿದ ಮಾತನ್ನು ಇವನೂ ಕೂತು ಕೇಳಿದ್ದಾನೆ. ತಾನು ಹೋದರೆ ಏನಾಗುತ್ತದೆಂದು ಇವನಿಗೆ ಗೊತ್ತು. ಅವಳು ಅವನ ಮುಖವನ್ನು ನೋಡಿದಳು. ಮೊದಲ ದಿನ ಕಿಟಕಿಯ ಹತ್ತಿರ ನೋಡಿದ್ದ ಅದೇ ನಗು, ಇವತ್ತೂ ಏನೂ ತಿಳಿಯಲಿಲ್ಲ.

"ಹೇಳಮ್ಮ," ಎಂದ ಅವನು.

ಅವಳು ಅವನ ಕೈಯಿಂದ ಎರಡೂ ಚೀಲ ಕಿತ್ತುಕೊಂಡು ಮನೆಯ ಕಡೆ ತಿರುಗಿದಳು. ಟಿಕೆಟಮ್ಮನ ಗೇಟು ದಾಟುವವರೆಗೂ ಅವಳ ಕಿವಿಯೆಲ್ಲ ಬೆನ್ನ ಹಿಂದೆಯೇ ಇತ್ತು, ಚಪ್ಪಲಿಯ ಸದ್ದು ಬರುತ್ತಿದೆಯೋ ಇಲ್ಲವೋ ಎಂದು. ಬರುತ್ತಿತ್ತು.